ಅತ್ತೆ ಹೇಳುತ್ತಿದ್ದ ತಲೆನೋವು

ಆಸ್ಪತ್ರೆಯಲ್ಲಿ ಡಾಕ್ಟರ ಕೋಣೆಯ ಹೊರಗೆ, ನಾನು ಕೂತಿದ್ದ ಬೆಂಚಿನಲ್ಲೇ ಅತ್ತೆ, ಸೊಸೆ ಇಬ್ಬರು ಕಾಯುತ್ತಿದ್ದರು. ಸೊಸೆ ಬಟ್ಟೆ ಹೊಲಿಯುವವಳಿರಬೇಕು, ತೋಳಿಗೆ ನೂಲಿನ ಎಳೆಗಳು ಅಂಟಿದ್ದವು.

"ತಲೆನೋವು ಅಂತಲೇ ಹೇಳೋಣ ಅತ್ತೆ."

"ನೆಂಟರಿಗೆಲ್ಲ ಅದನ್ನೇ ಹೇಳಿ ಹೇಳಿ ಈಗ ನನಗೇ ತಲೆನೋವು ಬಂದಿದೆ. ಡಾಕ್ಟರಿಗೂ ಸುಳ್ಳು ಹೇಳೋಕೆ ಇಷ್ಟು ದೂರ ಬರಬೇಕಿತ್ತೇನೆ?"

"ಹೆಂಗಸು ಕುಡೀತಾಳೆ ಅಂದ್ರೆ ಏನಂದ್ಕೋತಾರೆ?"

"ಕಾಯಿಲೆ ಅಂದ್ಕೋತಾರೆ. ನಿನ್ನ ಮಾವನ ಕುಡಿತಾನೂ ನಾನು ಹೀಗೇ ಮುಚ್ಚಿಟ್ಟೆ. ಮನೆ ಮಾನ ಉಳೀತು, ಅವರು ಉಳೀಲಿಲ್ಲ."

ಸೊಸೆ ತೋಳಿಗಂಟಿದ್ದ ಒಂದು ಎಳೆ ಕಿತ್ತು ಬೆರಳಿಗೆ ಸುತ್ತಿಕೊಂಡಳು.

"ಮನಸ್ಸು ಗಟ್ಟಿ ಮಾಡ್ಕೊಂಡು ನಾನೇ ಬಿಡ್ತೀನಿ."

"ಹೋದ ಸಲ ನೀನು ಬಿಟ್ಟಾಗ ಕೈ ನಡುಗಿ ಸೂಜಿಗೆ ದಾರ ಪೋಣಿಸೋಕೂ ಆಗ್ಲಿಲ್ಲ. ಸಂಜೆಗೆ ಮತ್ತೆ ಬಾಟ್ಲಿ ತೆಗೆದೆ. ಮನಸ್ಸು ಗಟ್ಟಿಯಾಗೇ ಇದೆ ಕಣೆ, ಮೈ ಕೇಳಬೇಕಲ್ಲ? ಅದಕ್ಕೆ ಔಷಧಿ ಬೇಕು."

"ಹಾಗಾದ್ರೆ ಒಳಗೆ ನೀವೇ ಹೇಳ್ಬಿಡಿ."

"ನಾನು ಪಕ್ಕದಲ್ಲೇ ಇರ್ತೀನಿ. ಹೇಳೋದು ಮಾತ್ರ ನೀನೇ."

ನರ್ಸ್ ಬಾಗಿಲು ತೆರೆದು, "ಏನಮ್ಮ ತೊಂದರೆ?" ಎಂದು ಅತ್ತೆಯನ್ನೇ ಕೇಳಿದಳು. ಅತ್ತೆ ಸೊಸೆಯತ್ತ ಕೈ ತೋರಿಸಿದಳು.

"ನಾನು ಕುಡಿಯೋದು ಬಿಡಬೇಕು ಸಿಸ್ಟರ್," ಎಂದಳು ಸೊಸೆ. "ಒಬ್ಬಳ ಕೈಲಿ ಆಗ್ತಿಲ್ಲ."

"ಇಬ್ಬರೂ ಬನ್ನಿ," ಎನ್ನುತ್ತಾ ನರ್ಸ್, ಅತ್ತೆ-ಸೊಸೆ ಒಳಹೋಗುವವರೆಗೂ ಬಾಗಿಲು ಹಿಡಿದುಕೊಂಡು ನಿಂತಳು.