ಹಾರಿಸಿದ ಸಾಲು

…ಅಲ್ಲ ಕಣೇ, ಮೊದಲು ಹೇಳಿದ್ದು ಡಾಕ್ಟರಲ್ಲ. ಪಕ್ಕದ ಕೋಣೆಯಲ್ಲಿ ಕೂರ್ತಾಳಲ್ಲ, ಜೀನ್ ಸಲಹೆಗಾರ್ತಿ, ದಪ್ಪ ಕನ್ನಡಕದವಳು, ಅವಳು. ನಿಮ್ಮ ಗೆಡ್ಡೆಯ ಜಾತಕ ಪೂರ್ತಿ ಜಾಲಾಡಿದ್ದೀವಿ ಅಂದಳು. ನೀನ್ಯಾಕೆ ನಗ್ತೀಯ? ಕೇಳು ಮೊದಲು.

ಗರ್ಭಕೋಶದ ಕ್ಯಾನ್ಸರ್ ಅಂದ್ರೆ ಒಂದೇ ಅಲ್ವಂತೆ, ನಾಲ್ಕು ಬಗೆ. ಸೂಕ್ಷ್ಮದರ್ಶಕದ ಕೆಳಗೆ ಎಲ್ಲಾ ಸಾಚಾಗಳ ಥರ ಕೂತಿರ್ತಾವೆ, ಜೀನ್ ನೋಡಿದಾಗ್ಲೇ ಬಣ್ಣ ಬಯಲು. ನನ್ನದು ಯಾವುದು ಗೊತ್ತಾ? ಜೀವಕೋಶ ತನ್ನ ನಕಲು ತೆಗೆಯುವಾಗ ಆಗೋ ತಪ್ಪು ತಿದ್ದೋ ಏರ್ಪಾಡೇ ಕೆಟ್ಟಿರೋ ಬಗೆ! ಇಪ್ಪತ್ತು ವರ್ಷ ಅಚ್ಚುಕೂಟದಲ್ಲಿ ಕೂತು ಊರವರ ಕರಡು ತಿದ್ದಿದ ಅಕ್ಕತಂಗಿ ನಾವು, ನಮ್ಮ ಹೊಟ್ಟೆಯೊಳಗೆ… ನನ್ನ ಹೊಟ್ಟೆಯೊಳಗೆ ತಿದ್ದೋರೇ ಇಲ್ಲ.

ಅದೇ ಒಳ್ಳೇದಾಯ್ತು ಅನ್ನು. ಅಷ್ಟೊಂದು ತಪ್ಪುಗಳಿದ್ರೆ ದೇಹದ ಕಾವಲುಪಡೆ ಬೇಗ ಗುರುತು ಹಿಡಿಯುತ್ತಂತೆ. ಅದನ್ನ ಎಬ್ಬಿಸೋ ಔಷಧಿ ಈ ಬಗೆಗೆ ಚೆನ್ನಾಗಿ ನಾಟುತ್ತೆ, ಕೀಮೋ ಜೊತೆಗೇ ಕೊಡ್ತಾರೆ. ಕೂದಲು ಹೋದ್ರೆ ಹೋಗಲಿ ಬಿಡು, ಬಣ್ಣ ಹಚ್ಚೋ ಕಾಟ ತಪ್ಪಿತು. ತಡಿ, ವರದಿ ಓದ್ತೀನಿ.

ಅಯ್ಯೋ, ಲಕೋಟೆಯಿಂದ ಇನ್ನೊಂದು ಪ್ರತಿ ಯಾಕೆ ತೆಗೆದೆ? ಪೆನ್ಸಿಲ್ ಬೇರೆ! ಒಬ್ಬರು ಓದೋದು, ಒಬ್ಬರು ಸಾಲು ಹಿಡಿದು ತಾಳೆ ನೋಡೋದು… ಮನೆಗೆ ಬಂದ್ರೂ ಕೆಲಸದ ಚಟ ಬಿಡಲ್ಲ ನಿನಗೆ. ಸರಿ, ಹಿಡಿ. ‘ಗೆಡ್ಡೆಯಲ್ಲಿ ತಿದ್ದುವ ಪ್ರೋಟೀನುಗಳ ಕೊರತೆ.’ ‘ರೋಗನಿರೋಧಕ ಶಕ್ತಿ ಎಬ್ಬಿಸುವ ಔಷಧಿ ಸೂಕ್ತ.’ ‘ಮುಂದಿನ ಭೇಟಿ ಸೋಮವಾರ.’ ಮುಗೀತು. ಕಾಫಿಗೆ ಇಡ್ತೀನಿ.

ಪೆನ್ಸಿಲ್ ಯಾಕೆ ನಿಂತಿತು?

ಏನೂ ಬಿಟ್ಟಿಲ್ಲ ಕಣೇ. ಅದು ಸುಮ್ನೆ… ಎಲ್ಲರಿಗೂ ಬರೆಯೋ ಸಾಲು. ಹಾಗೆ ನೋಡ್ಬೇಡ.

ಬೆರಳು ಮಡಚಿ ಏನು ಲೆಕ್ಕ ಹಾಕ್ತಿದೀಯ? ಅಮ್ಮನ ವಯಸ್ಸಾ?

…ಹೂಂ. ಅಮ್ಮನಿಗೆ ಕರುಳಿನ ಕ್ಯಾನ್ಸರ್ ಬಂದಾಗ ಈಗಿನ ನಿನ್ನ ವಯಸ್ಸೇ. ನಾನೂ ಲೆಕ್ಕ ಹಾಕಿದೆ, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು. ಆ ದೋಷ ನಿನಗೂ ಬಂದೇ ಇದೆ ಅಂತಲ್ಲ, ಬಂದಿರೋ ಸಾಧ್ಯತೆ ಅರ್ಧಕ್ಕರ್ಧ. ಮೊದಲೇ ಗೊತ್ತಾದ್ರೆ ದಾರಿ ಇದೆ ಅಂತಲೂ ಅಂದಳು ಆ ಕನ್ನಡಕದವಳು. ಒಂದು ವಾರ ಬಿಟ್ಟು ಹೇಳೋಣ ಅಂತಿದ್ದೆ. ನನ್ನ ಜೊತೆ ಒಂದೇ ಒಂದು ವಾರ ನಗ್ತಾ ಇರ್ಲಿ ಅಂತ.

ಆಯ್ತು, ಓದ್ತೀನಿ. ‘ರಕ್ತದಲ್ಲೂ ಇದೇ ದೋಷ. ವಂಶದಿಂದ ಬಂದದ್ದು. ಒಡಹುಟ್ಟಿದವರೂ ಪರೀಕ್ಷೆ ಮಾಡಿಸಿಕೊಳ್ಳಬೇಕು.’ ಸಾಕಾ? ಗುರುತು ಹಾಕ್ಕೋ.

ನಮ್ಮಣ್ಣನೂ ಒಡಹುಟ್ಟಿದವನೇ ಅಲ್ವಾ, ಅವನಿಗೆ ಫೋನ್ ನೀನೇ ಮಾಡು. ಓದಿ ಹೇಳು ಅವನಿಗೆ. ನಿಧಾನವಾಗಿ, ಸಾಲು ಹಾರಿಸದೆ.