ಕೈಬುದ್ಧಿ

ಶಾಲೆಯ ಕಚೇರಿಯ ಹೊರಗೆ ಬೆಂಚಿನ ಮೇಲೆ ಅಕ್ಕತಂಗಿಯರಿಬ್ಬರು ಆಡಿದ ಮಾತುಗಳನ್ನು, ಪಕ್ಕದಲ್ಲಿ ಕುಳಿತು ಕೇಳಿಸಿಕೊಂಡಂತೆಯೇ, ಒಂದಕ್ಷರವನ್ನೂ ತಿದ್ದದೆ ದಾಖಲಿಸುತ್ತಿದ್ದೇನೆ.

“ಪರೀಕ್ಷೆ ಮಾಡಿದ್ರಂತೆ ಅಕ್ಕ. ನನ್ನ ಮಗಳಿಗಿರೋದು ಕೈಬುದ್ಧಿಯಂತೆ, ತಲೆಬುದ್ಧಿ ಅಲ್ವಂತೆ. ಗಣಿತ ನಿಲ್ಲಿಸಿ ಬರೀ ಹೊಲಿಗೆ ಕಲಿಸ್ತಾರಂತೆ.”

“ಥೂ! ಬುದ್ಧಿ ಏನು ಅಡುಗೆಮನೆ ಡಬ್ಬಿಗಳಾ, ಒಂದರಲ್ಲಿ ಉಪ್ಪು, ಒಂದರಲ್ಲಿ ಸಕ್ಕರೆ ಅನ್ನೋಕೆ?”

“ಚೆನ್ನಾಗೇ ಹೊಲೀತಾಳಲ್ಲ.”

“ಬಟ್ಟೆ ಒಳಮಗ್ಗುಲು ಹೊಲಿಯುವಾಗಲೇ, ತಿರುಗಿಸಿದ್ಮೇಲೆ ಹೇಗೆ ಕಾಣುತ್ತೆ ಅಂತ ಊಹಿಸ್ತಾಳಲ್ಲ, ಅದು ಬೆರಳಿನ ಕೆಲಸಾನಾ? ಅಳತೆ ನೆನಪಿಟ್ಕೊಳ್ಳೋದು ಮೊಣಕೈನಾ? ಗಣಿತಕ್ಕೂ ಅದೇ ನೆನಪು, ಅದೇ ಗಮನ ಕಣೇ ಬೇಕಾಗಿರೋದು.”

“ಮತ್ತೆ ಗಣಿತ ಯಾಕೆ ಬರಲ್ಲ?”

“ಮೇಷ್ಟ್ರು ಗೋಡೆಗೆ ಮುಖ ಮಾಡಿ ಗೊಣಗಿದ್ರೆ ಯಾರಿಗೆ ಬರುತ್ತೆ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವರು ಕಲಿಸೋಕಾಗದೆ ಮಗು ತಲೇನೇ ಡೊಂಕು ಅಂತಾರೆ. ಅಸಹ್ಯ!”

ಜವಾನ ಬಾಗಿಲಿನಿಂದ ಕೂಗಿದ: “ಕೈಬುದ್ಧಿ ಹುಡುಗಿ ಅಮ್ಮ ಯಾರ್ರೀ?”

ತಂಗಿಯ ಮುಖ ಕೆಂಪಾಯಿತು. “ಗಣಿತ ನಿಲ್ಲಿಸಕೂಡದು ಅಂತ ಹೇಳಿಬಿಡ್ತೀನಿ. ನೀನೂ ಬಾ ಅಕ್ಕ, ಸಿಟ್ಟು ಬಂದ್ರೆ ನಂಗೆ ಮಾತೇ ಮರೆತುಹೋಗುತ್ತೆ.”

“ನಡಿ ನಡಿ. ಮರೆತ್ರೆ ನಿಂಗೆ ಬಾಯಿಬುದ್ಧಿ ಇಲ್ಲ ಅಂತಲೂ ಬರೆದುಬಿಡ್ತಾರೆ,” ಎನ್ನುತ್ತ ಅಕ್ಕನೇ ಮುಂದಾಗಿ ಒಳನಡೆದಳು.