ಗೌರವ್ವ ಒಲ್ಲೆ ಅಂದಿದ್ದಳು

ಶರಣರೇ, ಒಂದೂರು. ಹೆಸರು ಬೇಡ. ಅಲ್ಲೊಬ್ಬ ಹತ್ತಿ ಮಿಲ್ಲಿನ ಸಾಹುಕಾರ. ಅವನಿಗೆ ಒಬ್ಬಳೇ ಮಗಳು, ಗೌರವ್ವ. ಹುಟ್ಟು ಕಿವುಡಿ, ಬಾಯಲ್ಲಿ ಮಾತಿಲ್ಲ. ಆದರೆ ಕೈಯಲ್ಲಿ ಎಷ್ಟು ಮಾತು! ಬೇಡವೆಂದರೆ ಎರಡೂ ಅಂಗೈ ಎದೆಗಿಟ್ಟು ಮುಂದಕ್ಕೆ ದೂಡುವಳು. ಅವಳನ್ನು ಎತ್ತಿ ಆಡಿಸಿದ ಮನೆಗೆಲಸದ ಹೊಳೆವ್ವನಿಗಷ್ಟೇ ಅಲ್ಲ, ಓಣಿಗೆಲ್ಲ ಆ ಸನ್ನೆ ಗೊತ್ತಿತ್ತು.

ಹುಡುಗಿಗೆ ಹನ್ನೊಂದು ವರ್ಷವಾದಾಗ ತಂದೆತಾಯಿ ಕಾರು ಅಪಘಾತದಲ್ಲಿ ತೀರಿಕೊಂಡರು. ತಾನೇ ಪಾಲಕನಾಗುತ್ತೇನೆಂದು ದೊಡ್ಡಪ್ಪ ಕೋರ್ಟಿಗೆ ಅರ್ಜಿ ಹಾಕಿದ. ಯಾವ ದೊಡ್ಡಪ್ಪ? ತಮ್ಮ ಬದುಕಿದ್ದಾಗ ಆ ಕೂಸನ್ನು 'ಮೂಗಿ' ಎಂದು ಹೊಸ್ತಿಲು ದಾಟಿಸದಿದ್ದವನು! ತಕರಾರಿದ್ದವರು ಬಂದು ಹೇಳಿ ಎಂದು ಕೋರ್ಟಿನ ನೋಟಿಸು ಪಂಚಾಯ್ತಿ ಗೋಡೆಗೆ ಬಿತ್ತು. ಎಲ್ಲರೂ ಓದಿದರು.

ಹೊಳೆವ್ವ ಮನೆಮನೆ ತಿರುಗಿದಳು. "ಯಪ್ಪಾ, ಯಾರರ ಒಬ್ಬರು ಬಂದು ಖರೇ ಹೇಳ್ರಿ."

"ಅದು ಅವರ ಮನಿತನದ ವಿಷಯ ಬೇ. ನಮಗ್ಯಾಕ ಬೇಕು?"

ವಿಚಾರಣೆಯ ತಾರೀಖನ್ನು ಹೊಳೆವ್ವನಿಗೆ ಯಾರೂ ತಿಳಿಸಲಿಲ್ಲ. ದೊಡ್ಡಪ್ಪನ ಗಾಡಿಯಲ್ಲಿ ಊರ ಹಿರಿಯರು ಹದಿನಾಲ್ಕು ಜನ ಹೋದರು. ನೋಡಿ, ಆ ಹದಿನಾಲ್ಕರಲ್ಲಿ ಈ ಕಾವಿಯೂ ಒಂದು. ನಾನೂ ಹೋಗಿದ್ದೆ. ದೊಡ್ಡಪ್ಪ ನಮ್ಮ ಮಠಕ್ಕೆ ನಡೆದುಕೊಳ್ಳುವ ಭಕ್ತ.

ನ್ಯಾಯಾಧೀಶೆ ಹುಡುಗಿಯನ್ನು ಹತ್ತಿರ ಕರೆದರು. ದೊಡ್ಡಪ್ಪನತ್ತ ಬೆರಳು ತೋರಿ, "ಇವರ ಹತ್ತಿರ ಇರ್ತೀಯಾ ಮಗು?" ಎಂದರು. ಗೌರವ್ವ ಅಂಗೈ ಎದೆಗಿಟ್ಟಳು, ದೂಡಿದಳು. ಮತ್ತೊಮ್ಮೆ ದೂಡಿದಳು.

"ಏನು ಹೇಳ್ತಿದ್ದಾಳೆ?"

"ಲಗೂ ಮನಿಗೆ ಹೋಗೂಣು ಅಂತಾಳ್ರೀ. ನನ್ನ ಬಿಟ್ಟು ಇರಂಗಿಲ್ಲರೀ ಅದು," ಎಂದ ದೊಡ್ಡಪ್ಪ.

ಆ ತಾಯಿ ನಮ್ಮತ್ತ ತಿರುಗಿದರು. "ಇವಳ ಸನ್ನೆ ಬಲ್ಲವರು ಬೇರೆ ಯಾರಾದರೂ ಇದ್ದೀರಾ?"

ಯಾರು ಎದ್ದರು? ಒಬ್ಬ ಧೋತರದ ಅಂಚು ತಿದ್ದಿಕೊಂಡ. ಒಬ್ಬ ಕೆಮ್ಮಿದ. ನಾನು ಕಣ್ಣು ಮುಚ್ಚಿದೆ, ಧ್ಯಾನವೆಂದುಕೊಂಡಿರಬೇಕು ಜನ.

ಅವನೇ ಪಾಲಕನೆಂದು ಆದೇಶವಾಯಿತು. "ಮೂಗಿಗೆ ಎಂಥಾ ಸಾಲಿ?" ಎಂದು ದೊಡ್ಡಪ್ಪ ಅವಳನ್ನು ಕಿವುಡ ಮಕ್ಕಳ ಶಾಲೆ ಬಿಡಿಸಿದ. ಹೊಳೆವ್ವನನ್ನು ಹೊರಗಟ್ಟಿದ. ಹುಡುಗಿ ಕೈಯೆತ್ತಿ ಏನಾದರೂ ಹೇಳಹೋದರೆ ಆ ಕೈಗೇ ಬಾರಿಸಿದ. ಮೂರು ವರ್ಷ! ಹೊಳೆವ್ವ ಕಾನೂನು ನೆರವಿನ ಕಚೇರಿಗೆ ಅಲೆದು ಅಲೆದು ಒಬ್ಬ ವಕೀಲರನ್ನು ಹಿಡಿದಳು. ಕೋರ್ಟು ಅಧಿಕಾರಿಯನ್ನು ಕಳಿಸಿ ಮನೆ ನೋಡಿಸಿತು, ದೊಡ್ಡಪ್ಪನನ್ನು ತೆಗೆಯಿತು, ಆ ಶಾಲೆಯ ಟೀಚರನ್ನು ಪಾಲಕಿಯನ್ನಾಗಿ ನೇಮಿಸಿತು. ಹೊಳೆವ್ವ ಗೆದ್ದಳಲ್ಲವೇ?

ಅಂದು ಕೋರ್ಟಿನಲ್ಲೇ ಟೀಚರು ಗೌರವ್ವನಿಗೆ ಸನ್ನೆಯಲ್ಲೇ ಕೇಳಿದರು, ನಿನಗೇನು ಬೇಕು ಎಂದು. ಹುಡುಗಿ ಎರಡೂ ಕೈ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಹೊರಗೆ ತೆಗೆಯಲೇ ಇಲ್ಲ. ಹೊಳೆವ್ವ ಕೋರ್ಟಿನ ನಡುವೆಯೇ ಕೂಗಿದಳು: "ನನ್ನ ಕೂಸಿನ ಮಾತು ಕೊಂದ್ರಲ್ಲೋ!"

ಕೊಂದವರು ಯಾರು? ದೊಡ್ಡಪ್ಪನೊಬ್ಬನೇ? ಕೋರ್ಟು ಎರಡು ಸಲ ಕೇಳಿತ್ತು, ಶರಣರೇ. ಗೋಡೆಯ ಮೇಲೆ ಒಮ್ಮೆ, ಬಾಯಿಬಿಟ್ಟು ಒಮ್ಮೆ. ನ್ಯಾಯಾಧೀಶರಿಗೆ ನಿಮ್ಮ ಓಣಿ ಕಾಣುತ್ತದೆಯೇ? ಕಂಡವರು ಹೇಳದಿದ್ದರೆ ಕೋರ್ಟು ಯಾರ ಕಣ್ಣಿಂದ ನೋಡಬೇಕು?

ಇಲ್ಲಿಂದ ಎದ್ದು ಹೋಗುವಾಗ ನನಗೆ ಕೈ ಮುಗಿಯಬೇಡಿ. ನಿಮ್ಮ ಓಣಿಯಲ್ಲಿ ಅನಾಥ ಕೂಸಿದ್ದರೆ ಆ ಮನೆಯ ಬಾಗಿಲು ಬಡಿಯಿರಿ. "ಕೂಸನ್ನ ಕರೀರಿ, ನಾವು ನೋಡಬೇಕು" ಅನ್ನಿ. ಅವರು ಬೈಯಲಿ, ನಿಲ್ಲಿ. ಕೋರ್ಟು ಕರೆದರೆ ಹೋಗಿ, ಕಂಡದ್ದನ್ನು ಹೇಳಿ. ಅಷ್ಟೂ ಆಗದಿದ್ದರೆ, ನಾಳೆ ಪ್ರವಚನಕ್ಕೆ ಬರಬೇಡಿ.